ಬಿಲ್ಲಿನಲ್ಲಿ ಚಿಗವ್ವನ ಹೆಸರು ‘ಇತರೆ’

ಬಾದಾಮಿಯಿಂದ ಬಂದು ನಾಲ್ಕು ದಿನವಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಆದರೆ ಇಳಿದರೆ ಬರೆಯುವುದೇ ಇಲ್ಲ, ಅದು ನನಗೆ ಗೊತ್ತು.

ವರ್ಷಕ್ಕೊಮ್ಮೆ ಒಬ್ಬಳೇ ಎಲ್ಲಿಗಾದರೂ ಹೋಗಿಬರುವುದು ನನ್ನ ರೂಢಿ. ಈ ಸಲ ಬಾದಾಮಿ, ಪಟ್ಟದಕಲ್ಲು. ಮೊದಲೇ ಫೋನ್ ಮಾಡಿ ಒಂದು ಲಾಡ್ಜಿನಲ್ಲಿ ಎರಡು ರಾತ್ರಿಗೆ ಕೋಣೆ ಕೇಳಿದ್ದೆ. ದಿನಕ್ಕೆ 1,500 ರೂಪಾಯಿ, ಎಲ್ಲ ಸೇರಿ ಎಂದಿದ್ದರು. ಬೆಳಗ್ಗೆ ರೈಲಿಳಿದು ಆಟೋ ಹಿಡಿದು ಹೋದರೆ ಮೊದಲ ಪ್ರಶ್ನೆ, “ಒಬ್ಬರೇ ಬಂದಿದ್ದೀರಾ?” ಎರಡನೆಯದು ಗಂಡನ ಹೆಸರು. ಮೂರನೆಯದು, ಮನೆಯ ಗಂಡಸರು ಯಾರದ್ದಾದರೂ ಮೊಬೈಲ್ ನಂಬರ್.

ನನಗೆ 51 ವರ್ಷ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೆಸರು, ವಿಳಾಸ, ಗುರುತಿನ ಚೀಟಿ ಕೇಳುವುದು ಸರಿ, ಅದನ್ನು ಕೊಟ್ಟೆ. ಆದರೆ ನನ್ನ ಪಕ್ಕದಲ್ಲೇ, ಒಬ್ಬರೇ ಬಂದಿದ್ದ ಗಂಡಸೊಬ್ಬರು ಸಹಿ ಹಾಕಿ ಎರಡು ನಿಮಿಷದಲ್ಲಿ ಕೀಲಿಕೈ ತೆಗೆದುಕೊಂಡು ಮೇಲೆ ಹೋದರು. ಅವರ ಹೆಂಡತಿಯ ನಂಬರನ್ನು ಯಾರೂ ಕೇಳಲಿಲ್ಲ.

ಬೇಗ ಬಂದಿದ್ದಕ್ಕೆ 400 ರೂಪಾಯಿ. ಎ.ಸಿ. ಇತ್ತು, ರಿಮೋಟ್ ಕೌಂಟರಿನಲ್ಲಿತ್ತು, ಅದಕ್ಕೆ ರಾತ್ರಿಗೆ 300. ಬಿಸಿನೀರು ಆರರಿಂದ ಏಳೂವರೆ ತನಕ ಮಾತ್ರ. ಹೋಗಲಿ ಎಂದುಕೊಂಡೆ. ಅಂದು ಗುಹೆಗಳನ್ನು ನೋಡಿದೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನದ ಮುಂದೆ ನಿಂತಾಗ ಬೆಳಗಿನ ಕಿರಿಕಿರಿಯೆಲ್ಲ ಮರೆತುಹೋಗಿತ್ತು.

ಮರುದಿನ ಪಟ್ಟದಕಲ್ಲಿನಿಂದ ಮರಳುವ ಹೊತ್ತಿಗೆ ಗುಳೇದಗುಡ್ಡದಿಂದ ನನ್ನ ಚಿಗವ್ವ ಬಂದಿದ್ದಳು. 72 ವರ್ಷ, ಮೊಣಕಾಲು ನೋವು. ನಾನು ಬಂದಿದ್ದೇನೆಂದು ತಿಳಿದು ಒಬ್ಬಳೇ ಬಸ್ ಹತ್ತಿ ಬಂದವಳು ಲಾಡ್ಜಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಳು. ತೊಡೆಯ ಮೇಲೆ ಬಿಳಿ ಬಟ್ಟೆಯ ಗಂಟು, ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಮುಕ್ಕಾಲು ಗಂಟೆಯಿಂದ ಹಾಗೇ ಕುಳಿತಿದ್ದಾಳೆ. ಶೌಚಾಲಯ ಎಲ್ಲಿ ಎಂದು ಕೇಳಿದ್ದಕ್ಕೆ, ಕೋಣೆ ಹಿಡಿದವರಿಗೆ ಮಾತ್ರ ಎಂದಿದ್ದರಂತೆ.

ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದೆ. ಕೌಂಟರಿನವನು ಗೋಡೆಯ ಹಾಳೆ ತೋರಿಸಿದ: ಹೊರಗಿನವರಿಗೆ ಪ್ರವೇಶವಿಲ್ಲ, ಹೊರಗಿನ ಊಟ ತರುವಂತಿಲ್ಲ. ಆಧಾರ್ ಇದೆಯಾ ಎಂದು ಕೇಳಿದ. ಅವಳು ತಂದಿರಲಿಲ್ಲ. ಭದ್ರತೆಯ ವಿಷಯ ಮೇಡಂ, ನಾವೇನೂ ಮಾಡುವ ಹಾಗಿಲ್ಲ ಎಂದ. ನಾನು ದನಿ ಏರಿಸಿದ ಮೇಲೆ ಮೆಲ್ಲಗೆ, “ಇನ್ನೂರು ರೂಪಾಯಿ ಆಗುತ್ತದೆ” ಎಂದ. ಒಪ್ಪಿದೆ. ಆಮೇಲೆ ಆಧಾರ್ ಬೇಕಾಗಲಿಲ್ಲ. ಹೆಸರನ್ನೂ ಬರೆದುಕೊಳ್ಳಲಿಲ್ಲ. ರೊಟ್ಟಿಯ ಗಂಟೂ ಮೇಲೆ ಬಂತು.

ಇನ್ನೂರು ರೂಪಾಯಿಗೆ ಸಡಿಲವಾಗುವ ನಿಯಮ ಯಾರ ಭದ್ರತೆಗಾಗಿ ಇದೆ? ನಿಜವಾದ ಕಾಳಜಿ ಇದ್ದಿದ್ದರೆ ಹಣ ಬೇಡ ಎಂದು ಹೆಸರು ಬರೆದುಕೊಳ್ಳಬೇಕಿತ್ತು. ಒಬ್ಬಳೇ ಬಂದ ಹೆಂಗಸು ಜಗಳವಾಡಲಾರಳು, ಕೇಳಿದ್ದನ್ನು ಕೊಟ್ಟುಬಿಡುತ್ತಾಳೆ ಎಂಬ ಲೆಕ್ಕ ಇದು. ನನ್ನ ಮಟ್ಟಿಗೆ ಲೆಕ್ಕ ಸರಿಯಾಗಿಯೇ ಇತ್ತು, ಕೊಟ್ಟೆ. ಚಿಗವ್ವನಿಗೆ ಶೌಚಾಲಯಕ್ಕೆ ಹೋಗಬೇಕಾಗಿತ್ತು.

ಹೊರಡುವಾಗ ಬಂದ ಬಿಲ್ಲು 5,186 ರೂಪಾಯಿ. ಅಲ್ಲೇ ಉಂಡ ಊಟದ 460 ಕಳೆದರೂ, ಹೇಳಿದ್ದ 3,000ಕ್ಕಿಂತ 1,726 ಹೆಚ್ಚು. ಊಟದ ಮೇಲೆ ಶೇ. 10 ಸೇವಾ ಶುಲ್ಕ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲೇ, ಹೋಟೆಲುಗಳು ಬಿಲ್ಲಿಗೆ ಇದನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೋಣೆಯ ಬಾಡಿಗೆಗೆ, ಅದೂ ‘ಎಲ್ಲ ಸೇರಿ’ ಎಂದ ಮೇಲೆ, ಶೇ. 12 ಜಿಎಸ್‌ಟಿ. ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ 2025ರ ಸೆಪ್ಟೆಂಬರ್ 22ರಿಂದ ಇರುವುದು ಶೇ. 5 ಮಾತ್ರ. ಹಾಳೆಯ ಮೇಲೆ ಜಿಎಸ್‌ಟಿ ನೋಂದಣಿ ಸಂಖ್ಯೆಯೇ ಇರಲಿಲ್ಲ. ಇಲ್ಲದಿದ್ದರೆ ತೆರಿಗೆ ವಸೂಲಿ ಮಾಡುವ ಅಧಿಕಾರ ಎಲ್ಲಿಂದ ಬಂತು?

ಇದನ್ನು ಕೇಳಿದಾಗ 46 ರೂಪಾಯಿಯ ಸೇವಾ ಶುಲ್ಕವನ್ನು ಮಾತ್ರ ಹೊಡೆದುಹಾಕಿದರು. ರೈಲಿಗೆ ಹೊತ್ತಾಗಿತ್ತು, ಉಳಿದದ್ದನ್ನು ಕೊಟ್ಟು ಬಿಲ್ಲನ್ನು ಜೋಪಾನವಾಗಿ ಇಟ್ಟುಕೊಂಡೆ. ಒಬ್ಬರೇ ಪ್ರಯಾಣಿಸುವ ಅಕ್ಕತಂಗಿಯರೇ, ಕೋಣೆ ಕಾದಿರಿಸುವಾಗ ಒಟ್ಟು ಮೊತ್ತವನ್ನೂ ಬಂದು ಹೋಗುವವರ ನಿಯಮವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ನನ್ನ ಬಳಿ ಇದ್ದದ್ದು ಬರೀ ಫೋನಿನ ಮಾತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಾನು ನಿನ್ನೆ ಕರೆ ಮಾಡಿ ದೂರು ದಾಖಲಿಸಿದ್ದೇನೆ.

ಆ ಇನ್ನೂರು ರೂಪಾಯಿ ಬಿಲ್ಲಿನಲ್ಲಿ ‘ಇತರೆ’ ಎಂದು ನಮೂದಾಗಿದೆ. ರಾತ್ರಿ ಚಿಗವ್ವ ಫೋನ್ ಮಾಡಿದ್ದಳು. ಮುಂದಿನ ಸಲ ಲಾಡ್ಜಿಗೆ ಹೋಗಬೇಡ, ಮನೆಗೇ ಬಾ ಎಂದಳು. ಹಣದ ವಿಷಯ ಅವಳಿಗೆ ಹೇಳಿಲ್ಲ.