ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೊನ್ನೆ ಬೆಳಗ್ಗೆ ಕಾಫಿ ಬಾಯಿಗಿಡುವ ಮೊದಲೇ ಫೋನಿಗೊಂದು ವಿಡಿಯೊ ಬಂತು. ಹಿಂದೆ ಪಿಟೀಲು ಅಳುತ್ತಿದೆ. ಮೇಲೆ ದಪ್ಪಕ್ಷರದಲ್ಲಿ ‘58 ವರ್ಷಗಳ ನಂತರ ಸಿಕ್ಕ ನ್ಯಾಯ!’ ಅಂತ ಇದೆ. ಕೆಳಗೆ ಕೈಮುಗಿಯುವ ಚಿತ್ರ, ಒಂದಲ್ಲ, ಆರು. ಕಳಿಸಿದ ಗೆಳೆಯ ‘ನೋಡಿ ಕಣ್ಣಲ್ಲಿ ನೀರು ಬಂತು ಮಾರಾಯ’ ಅಂತ ಬರೆದಿದ್ದ. ನನಗೂ ಏನೋ ಬಂತು. ನೀರಂತೂ ಅಲ್ಲ.

ವಿಡಿಯೊ ಅಮೆರಿಕದ ಸ್ಟಾಕ್ ಕಾರ್ ರೇಸಿನ ಕಪ್ಪು ಜನಾಂಗದ ಚಾಲಕ ವೆಂಡೆಲ್ ಸ್ಕಾಟ್ ಅವರದು. 1963ರಲ್ಲಿ ಗೆದ್ದ ಟ್ರೋಫಿ 2021ರಲ್ಲಿ ಅವರ ಮನೆಯವರ ಕೈಗೆ ಸೇರಿತಂತೆ. ಅವರ ಕಥೆ ನಿಮಗೆ ಗೊತ್ತೇ ಇರುತ್ತದೆ. ಇಂಥ ವಿಡಿಯೊಗಳು ಯಾರ ಫೋನನ್ನೂ ಬಿಟ್ಟಿಲ್ಲ. 1963ರ ಡಿಸೆಂಬರ್ 1, ಭಾನುವಾರ. ಫ್ಲಾರಿಡಾದ ಜ್ಯಾಕ್ಸನ್‌ವಿಲ್ ಊರಿನ ಸ್ಪೀಡ್‌ವೇ ಪಾರ್ಕ್. ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕು, 200 ಸುತ್ತು. ಇನ್ನೊಬ್ಬ ಚಾಲಕ ನೆಡ್ ಜ್ಯಾರೆಟ್ ಅವರಿಂದ ಕೊಂಡ ಷೆವ್ರೊಲೆ ಕಾರಲ್ಲಿ ಸ್ಕಾಟ್ ಹದಿನೈದನೇ ಜಾಗದಿಂದ ಹೊರಟರು. ಇನ್ನು 25 ಸುತ್ತು ಬಾಕಿ ಇದ್ದಾಗ ಹೆಸರಾಂತ ಚಾಲಕ ರಿಚರ್ಡ್ ಪೆಟ್ಟಿಯನ್ನೇ ಹಿಂದೆ ಹಾಕಿದರು. 200 ಮುಗಿಸಿದರು. ಬಾವುಟ ಬೀಸಲಿಲ್ಲ. ಬೀಸದಿದ್ದರೆ ನಿಲ್ಲಿಸೋದು ಹೇಗೆ? ಮತ್ತೆರಡು ಸುತ್ತು ಹೊಡೆದರು. ಅಷ್ಟು ಹೊತ್ತಿಗೆ ಎರಡು ಸುತ್ತು ಹಿಂದಿದ್ದ ಬಕ್ ಬೇಕರ್ ಗೆದ್ದರು ಅಂತ ಮೈಕಿನಲ್ಲಿ ಕೂಗಿ, ಕಪ್ಪು ಕೊಟ್ಟು, ಫೋಟೊ ತೆಗೆದು ಮುಗಿಸಿದ್ದರು.

ಗಂಟೆಗಟ್ಟಲೆ ಆದ ಮೇಲೆ, ಜನ ಮನೆಗೆ ಹೋದ ಮೇಲೆ, ಅಧಿಕಾರಿಗಳಿಗೆ ಜ್ಞಾನೋದಯ ಆಯಿತು. ‘ಅಯ್ಯೋ, ಲೆಕ್ಕದಲ್ಲಿ ತಪ್ಪಾಗಿದೆ. ಗೆದ್ದವರು ಸ್ಕಾಟ್!’ ಬಹುಮಾನದ 1,000 ಡಾಲರ್ ಅವರ ಪಾಲಿಗೆ ಬಂತು. ಕಪ್ಪು ಮಾತ್ರ ಅಷ್ಟರಲ್ಲಿ ಬೇಕರ್ ಜೊತೆ ಊರು ಬಿಟ್ಟಿತ್ತು.

ಕನ್ನಡದಲ್ಲಿ ಕಪ್ಪು ಅಂದ್ರೆ ಬಣ್ಣವೂ ಹೌದು, ಗೆದ್ದವರಿಗೆ ಕೊಡೋ ಕಪ್ಪೂ ಹೌದು. ಪಾಪ, ಜ್ಯಾಕ್ಸನ್‌ವಿಲ್‌ನವರಿಗೆ ಕನ್ನಡ ಬರುತ್ತಿರಲಿಲ್ಲ. ಎರಡೂ ಒಂದೇ ಕೈಯಲ್ಲಿ ಇರಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ. ಬೀಸದೆ ಉಳಿದ ಆ ಬಾವುಟ ನೋಡಿ ಕಲಿಯಬಹುದಿತ್ತು. ಅದರಲ್ಲಿ ಕಪ್ಪು ಚೌಕ ಬಿಳಿ ಚೌಕ ಸಮಸಮ ಇರುತ್ತವೆ.

ಸ್ಟಾಕ್ ಕಾರ್ ಅಂದ್ರೆ ಮೂಲದಲ್ಲಿ ಅಂಗಡಿಯಲ್ಲಿ ಸ್ಟಾಕ್ ಇರುವ ಮಾಮೂಲಿ ಕಾರು. ನೀವು ನಾವು ಕೊಂಡು ಮನೆಗೆ ತರೋದು. ಕಾರಿಗೆ ಸ್ಟಾಕ್ ಇತ್ತು. ಕಪ್ಪಿಗೆ ಮಾತ್ರ ರೇಷನ್ ಅಂಗಡಿಯ ಹಾಗೆ ‘ನೋ ಸ್ಟಾಕ್’ ಬೋರ್ಡು.

ಈಗ ಲೆಕ್ಕದ ವಿಷಯಕ್ಕೆ ಬರೋಣ. ನನಗೆ ಅದರಲ್ಲೇ ಜಾಸ್ತಿ ಆಸಕ್ತಿ.

ನಮ್ಮಜ್ಜಿ ಅಶ್ವತ್ಥಕಟ್ಟೆಗೆ 108 ಪ್ರದಕ್ಷಿಣೆ ಹಾಕುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸೆರಗಿನ ತುದಿಯಲ್ಲಿ ಹುಣಸೆ ಬೀಜದ ಗಂಟು. ಒಂದು ಸುತ್ತಿಗೆ ಒಂದು ಬೀಜ ತೆಗೆದು ಕಟ್ಟೆಯ ಕಲ್ಲಿನ ಮೇಲೆ ಇಡೋದು. ನಡುವೆ ಪಕ್ಕದ ಮನೆಯ ಸೊಸೆಯ ವಿಚಾರ ಆಗಬೇಕು, ಹೂವಿನ ಬುಟ್ಟಿಗೆ ಬಾಯಿ ಹಾಕಿದ ಮೇಕೆಯನ್ನು ಓಡಿಸಬೇಕು, ಎದುರಿಗೆ ಸಿಕ್ಕ ಶಾನುಭೋಗರಿಗೆ ನಮಸ್ಕಾರ ಹೇಳಬೇಕು. ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. ಒಂದು ಸಲ ನನ್ನ ಚಿಕ್ಕಪ್ಪನ ಮಗ ಚೌಕಾಬಾರ ಆಡಲು ಸದ್ದಿಲ್ಲದೆ ಎರಡು ಬೀಜ ಎತ್ತಿಕೊಂಡ. ಅಜ್ಜಿ ಕೊನೇ ಸುತ್ತು ಮುಗಿಸಿ, ಕಲ್ಲಿನ ಕಡೆ ಒಮ್ಮೆ ನೋಡಿ, ‘ಎರಡು ಕಡಿಮೆ ಇದೆ. ಯಾವನೋ ತೆಗೆದವನು?’ ಅಂದರು. ಎಣಿಸಲೂ ಇಲ್ಲ. ಬರೀ ಕಣ್ಣಳತೆ.

ಎರಡೇ ಬೀಜ. ಜ್ಯಾಕ್ಸನ್‌ವಿಲ್‌ನಲ್ಲಿ ಕಾಣೆಯಾದದ್ದೂ ಎರಡೇ ಸುತ್ತು.

ಆ ಕಾಲದಲ್ಲಿ ಒಂದೊಂದು ಕಾರಿಗೂ ಒಬ್ಬೊಬ್ಬರು ಲೆಕ್ಕ ಬರೆಯುವವರು ಕೂತಿರುತ್ತಿದ್ದರು. ಕೈಯಲ್ಲಿ ಕಾರ್ಡು, ಪೆನ್ಸಿಲ್. ತಮ್ಮ ಕಾರು ಮುಂದೆ ಹಾದಾಗಲೆಲ್ಲ ಗಡಿಯಾರ ನೋಡಿ ಗುರುತು ಹಾಕಬೇಕು. ಅಜ್ಜಿಗಿದ್ದ ಹಾಗೆ ಮೇಕೆಯ ಕಾಟವೂ ಇಲ್ಲ. ಧೂಳು ಇತ್ತು, ಒಪ್ಪುತ್ತೇನೆ. ಆದರೆ ಆ ಧೂಳು ಎಂಥ ವಿವೇಕದ ಧೂಳು ನೋಡಿ! ಅಷ್ಟೂ ಕಾರುಗಳ ನಡುವೆ ಹುಡುಕಿ ಹುಡುಕಿ ಒಂದೇ ಕಾರಿನ ಮೇಲೆ ಕೂತಿತು.

ಇನ್ನೊಂದು ವಾದವನ್ನು ನಾನೇ ಅವರ ಪರವಾಗಿ ಹೂಡಿ ನೋಡಿದೆ. ಸ್ಕಾಟ್ ಅವರ ಕಾರಿನ ನಂಬರು 34. ಪೆಟ್ಟಿಯ ಹೆಸರಿಗೆ ಅಂಟಿಕೊಂಡ ನಂಬರು 43. ತಿರುಗಾಮುರುಗಾ ಆಗೋದು ಸಹಜ ತಾನೇ? ಹಾಗಂತ ಸಮಾಧಾನ ಮಾಡಿಕೊಳ್ಳಲು ಹೊರಟೆ. ಆದರೆ ಕಪ್ಪು ಪೆಟ್ಟಿಗೂ ಹೋಗಲಿಲ್ಲವಲ್ಲ, ಹೋದದ್ದು ಬೇಕರ್ ಮನೆಗೆ. ನನ್ನ ವಕಾಲತ್ತು ಅಲ್ಲಿಗೆ ಬಿದ್ದುಹೋಯಿತು.

ಅವರಿಗೆ ಲೆಕ್ಕ ಬರುತ್ತಿರಲಿಲ್ಲ ಅಂತಲೂ ಹೇಳುವ ಹಾಗಿಲ್ಲ. 1963ರ ಡಿಸೆಂಬರಿನಲ್ಲಿ ಓಡಿದ ಈ ರೇಸನ್ನು, ಈ ಆಟ ನಡೆಸುವ ಸಂಸ್ಥೆ ನ್ಯಾಸ್ಕಾರ್ ಸೇರಿಸಿದ್ದು 1964ರ ಸರಣಿಗೆ. ನವೆಂಬರಿನಲ್ಲೇ ಮುಂದಿನ ವರ್ಷ ಶುರು ಮಾಡೋದು ಆಗಿನ ಪದ್ಧತಿ. ಇನ್ನೂ ಹುಟ್ಟದ ವರ್ಷವನ್ನೇ ಪುಸ್ತಕಕ್ಕೆ ಸೇರಿಸಬಲ್ಲವರಿಗೆ, ಕಣ್ಣೆದುರೇ ಆದ ಎರಡು ಸುತ್ತನ್ನು ಸೇರಿಸೋದು ಕಷ್ಟ ಆಯಿತು. ಬಹುಶಃ ದೋಷ ದಿಕ್ಕಿನದು. ಇಂಥ ಟ್ರ್ಯಾಕಿನಲ್ಲಿ ಈ ಕಾರುಗಳು ಸುತ್ತೋದು ಎಡಕ್ಕೆ. ನಮ್ಮಲ್ಲಿ ಅದನ್ನು ಅಪ್ರದಕ್ಷಿಣೆ ಅಂತೀವಿ. ಹಾಗೆ ಸುತ್ತಿದರೆ ಫಲ ಉಲ್ಟಾ ಅಂತ ಅಜ್ಜಿ ಹೇಳುತ್ತಿದ್ದರು. ಉಲ್ಟಾ ಆಯಿತು.

ಸ್ಕಾಟ್ ಮತ್ತು ಅವರ ಮನೆಯವರು ಕೊಡುತ್ತಿದ್ದ ಕಾರಣ ಇಷ್ಟು ಸುತ್ತು ಬಳಸಿದ್ದಲ್ಲ. ಗೆದ್ದವರಿಗೆ ಕಪ್ಪಿನ ಜೊತೆ ಒಬ್ಬ ಸುಂದರಿಯಿಂದ ಕೆನ್ನೆಗೊಂದು ಮುತ್ತು ಕೊಡಿಸೋದು ಅಂದಿನ ಸಂಪ್ರದಾಯ. ಸುಂದರಿ ಬಿಳಿಯಳು. ಕೆನ್ನೆ ಕಪ್ಪು. ತುಂಬಿದ ಮೈದಾನ, ಅದೂ 1963ರ ಫ್ಲಾರಿಡಾ. ಅಲ್ಲಿ ಬಿಳಿಯರು ಕಪ್ಪು ಜನಾಂಗದವರನ್ನು ಮದುವೆಯಾಗೋದು ಕಾನೂನಿನ ಪ್ರಕಾರ ಅಪರಾಧ. ಸ್ಕಾಟ್ ಅವರ ತವರು ವರ್ಜೀನಿಯಾದಲ್ಲೂ ಅಷ್ಟೇ. ಸುಪ್ರೀಂ ಕೋರ್ಟು ಅಂಥ ಕಾನೂನುಗಳನ್ನು ಕಿತ್ತು ಹಾಕಿದ್ದು 1967ರಲ್ಲಿ. ಒಂದು ಮುತ್ತು ತಪ್ಪಿಸಲು ಇಡೀ ರೇಸಿನ ಲೆಕ್ಕವನ್ನೇ ತಪ್ಪಿಸಿದರು ಅಂತ ಸ್ಕಾಟ್ ಕೊನೆವರೆಗೂ ನಂಬಿದ್ದರು. ನನಗಂತೂ ಧೂಳಿನ ಕಥೆಗಿಂತ ಇದು ಸಲೀಸಾಗಿ ಗಂಟಲಲ್ಲಿ ಇಳಿಯುತ್ತದೆ.

ಅಂದಹಾಗೆ, ನಾನು ಸ್ಕಾಟ್ ಅವರನ್ನು ಬಹುವಚನದಲ್ಲಿ ಕರೆಯುತ್ತಿರೋದು ಗಮನಿಸಿರಬಹುದು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನಾಂಗದ ಮುದುಕನಿಗೂ ‘ಬಾಯ್’ ಅಂತಲೇ ಕರೆಯುತ್ತಿದ್ದರು. ಕನ್ನಡದಲ್ಲಾದರೂ ‘ಅವರು’ ಇರಲಿ.

ಅವರು ಈ ಆಟಕ್ಕೆ ಬಂದ ಕಥೆ ಇನ್ನೂ ಮಜವಾಗಿದೆ. ಊರು ಡ್ಯಾನ್‌ವಿಲ್. ಮೊದಲು ಟ್ಯಾಕ್ಸಿ, ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಮೆಕ್ಯಾನಿಕ್, ಆಮೇಲೆ ಕಾರು ರಿಪೇರಿ ಅಂಗಡಿ, ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಣೆ. 1952ರಲ್ಲಿ ಅಲ್ಲಿನ ರೇಸಿನವರಿಗೆ ಟಿಕೆಟ್ ಖರ್ಚಾಗಲು ಒಬ್ಬ ಕಪ್ಪು ಚಾಲಕ ಬೇಕಾಯಿತು. ತಮಾಷೆಗೆ. ಯಾರು ಚೆನ್ನಾಗಿ ಓಡಿಸುತ್ತಾರೆ ಅಂತ ಅವರು ಹೋಗಿ ಕೇಳಿದ್ದು ಪೊಲೀಸರನ್ನು. ಪೊಲೀಸರು ಯೋಚನೆ ಮಾಡದೆ ಸ್ಕಾಟ್ ಹೆಸರು ಹೇಳಿದರು. ಬೆನ್ನಟ್ಟಿ ಬೆನ್ನಟ್ಟಿ ಸಾಕಾದವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ಕ್ಯಾರೆಕ್ಟರ್ ಸರ್ಟಿಫಿಕೇಟ್ ಅಂದ್ರೆ ಹೀಗಿರಬೇಕು. ಡ್ಯಾನ್‌ವಿಲ್ ಪೊಲೀಸರಿಗೆ ಆ ಚಾಲಕ ಎಷ್ಟು ಫಾಸ್ಟು ಅನ್ನೋದರಲ್ಲಿ ಯಾವತ್ತೂ ಲೆಕ್ಕ ತಪ್ಪಿರಲಿಲ್ಲ.

ಕಳ್ಳಭಟ್ಟಿ ಆ ಆಟಕ್ಕೆ ಅವಮಾನವೇನೂ ಅಲ್ಲ, ಅದರ ತವರುಮನೆ. ಜೂನಿಯರ್ ಜಾನ್ಸನ್ ಅಂತ ಇನ್ನೊಬ್ಬ ದೊಡ್ಡ ಚಾಲಕ, ಬಿಳಿಯ. ಅಪ್ಪನ ಭಟ್ಟಿಯಲ್ಲಿ ಸಿಕ್ಕಿಬಿದ್ದು 1956ರಲ್ಲಿ ಜೈಲಿಗೂ ಹೋಗಿ ಬಂದರು. 1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಖುದ್ದು ಸಹಿ ಹಾಕಿ ಕ್ಷಮಾದಾನ ಕೊಟ್ಟರು. ಕಳ್ಳಭಟ್ಟಿಯ ತಪ್ಪಿಗೆ ಮೂವತ್ತು ವರ್ಷದಲ್ಲಿ ಮಾಫಿ. ಗೆದ್ದ ತಪ್ಪಿಗೆ ಐವತ್ತೆಂಟು.

ಹೌದು, ಆ ಐವತ್ತೆಂಟರಲ್ಲಿ ಏನೇನಾಯಿತು? ಸ್ವಲ್ಪ ದಿನದ ಮೇಲೆ ಸ್ಕಾಟ್ ಕೈಗೆ ಒಂದು ಮರದ ತುಂಡಿನಂಥ ವಸ್ತು ಕೊಟ್ಟು ಇದೇ ಕಪ್ಪು ಅಂದರು. 1977ರಲ್ಲಿ ಅವರ ಬದುಕಿನ ಮೇಲೆ ಹಾಲಿವುಡ್ ಸಿನಿಮಾ ಬಂತು, ರಿಚರ್ಡ್ ಪ್ರಯರ್ ಸ್ಕಾಟ್ ಪಾತ್ರ ಮಾಡಿದರು. ಕಪ್ಪು ಬರಲಿಲ್ಲ. 1990ರ ಡಿಸೆಂಬರಿನಲ್ಲಿ ಸ್ಕಾಟ್ ತೀರಿಕೊಂಡರು. 2010ರಲ್ಲಿ ಜ್ಯಾಕ್ಸನ್‌ವಿಲ್‌ನ ರೇಸ್ ಅಭಿಮಾನಿಗಳಿಗೆ ತಡೆಯಲಾಗದೆ ತಾವೇ ಒಂದು ಕಪ್ಪು ಮಾಡಿಸಿ ಮನೆಯವರಿಗೆ ಕೊಟ್ಟರು. 2015ರಲ್ಲಿ ನ್ಯಾಸ್ಕಾರ್ ತನ್ನ ಹಾಲ್ ಆಫ್ ಫೇಮ್‌ನಲ್ಲಿ ಸ್ಕಾಟ್ ಅವರಿಗೆ ಜಾಗ ಕೊಟ್ಟಿತು. ಭಾಷಣ, ಚಪ್ಪಾಳೆ, ಎಲ್ಲ ಆಯಿತು. ಕಪ್ಪು? ಅದಕ್ಕೆ ಇನ್ನೂ ಆರು ವರ್ಷ. ಮೊದಲು ಸೀಮಂತ, ಆಮೇಲೆ ನಿಧಾನವಾಗಿ ಮದುವೆ.

2021ರ ಆಗಸ್ಟ್ 28ರಂದು ಡೇಟೋನಾದಲ್ಲಿ ಮಕ್ಕಳು ಮೊಮ್ಮಕ್ಕಳ ಕೈಗೆ ಕೊನೆಗೂ ಕೊಟ್ಟರು. ಮರುದಿನ ಸ್ಕಾಟ್ ಅವರಿಗೆ ನೂರು ತುಂಬುತ್ತಿತ್ತು, ಬದುಕಿದ್ದರೆ. ಆ ತಾರೀಖಿಗೆ ಇನ್ನೊಂದು ನೆನಪೂ ಇದೆ. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ ತಮ್ಮ ಕನಸು ಹೇಳಿದ್ದು 1963ರ ಆಗಸ್ಟ್ 28ರಂದು, ಈ ರೇಸಿಗೆ ಮೂರು ತಿಂಗಳು ಮೊದಲು. ಪಂಚಾಂಗ ನೋಡಿ ಕೊಟ್ಟರೋ, ಕಾಕತಾಳೀಯವೋ, ಅಂತೂ ಮುಹೂರ್ತ ಒಳ್ಳೇದಿತ್ತು. ಅದಾಗಿ ತಿಂಗಳು ಕಳೆಯುತ್ತಿದ್ದ ಹಾಗೆ ಬಬ್ಬಾ ವಾಲೆಸ್ ಟ್ಯಾಲಡೀಗಾದಲ್ಲಿ ಗೆದ್ದು, ಈ ಸರಣಿಯ ರೇಸ್ ಗೆದ್ದ ಎರಡನೇ ಕಪ್ಪು ಚಾಲಕ ಆದರು. ಮಳೆ ಬಂದು ರೇಸು ಅರ್ಧಕ್ಕೇ ನಿಂತಿದ್ದರಿಂದ ಕೊನೇ ಸುತ್ತು ಎಣಿಸುವ ತೊಂದರೆಯೂ ಯಾರಿಗೂ ಬರಲಿಲ್ಲ.

ನಗು ಸಾಕು. ಬೇಜಾರಾಗುತ್ತದೆ.

ಅದು ಲೆಕ್ಕದ ತಪ್ಪಾಗಿದ್ದರೆ ಮರುದಿನ ಬೇಕರ್ ಮನೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಗೆದ್ದವರು ಯಾರು ಅಂತ ಆ ರಾತ್ರಿಯೇ ಒಪ್ಪಿಕೊಂಡಿದ್ದಾರೆ, ದುಡ್ಡು ಕೊಟ್ಟಿದ್ದಾರೆ, ದಾಖಲೆಯಲ್ಲಿ ಹೆಸರು ಬರೆದಿದ್ದಾರೆ. ಗೊತ್ತಿಲ್ಲದೆ ಉಳಿದದ್ದು ಏನೂ ಇಲ್ಲ. ಒಂದು ಹಿತ್ತಾಳೆ ವಸ್ತು ಮಾಡಿಸಲು ಎಷ್ಟು ದಿನ ಬೇಕು? ಪೇಟೆಯ ಯಾವ ಅಂಗಡಿಯಲ್ಲಾದರೂ ಕೇಳಿ. ಹೆಸರು ಕೆತ್ತಿ ಸಂಜೆಯೊಳಗೆ ಕೊಡುತ್ತಾರೆ. ಆಮೇಲೂ 27 ವರ್ಷ ಆ ಮನುಷ್ಯ ಬದುಕಿದ್ದರು. ಡ್ಯಾನ್‌ವಿಲ್‌ನ ಮನೆ ಎಲ್ಲರಿಗೂ ಗೊತ್ತಿತ್ತು. ಕೊಡಬೇಕು ಅನ್ನಿಸಲಿಲ್ಲ, ಅಷ್ಟೇ. ಕೊಡಬೇಕು ಅನ್ನಿಸಿದಾಗ ಕ್ಯಾಮೆರಾ ಮುಂದೆ ಕೊಟ್ಟರು. ಈಗ ಕೊಟ್ಟವರಿಗೆ ಆರು ಕೈಮುಗಿಯುವ ಚಿತ್ರ.

ಗೆಳೆಯನಿಗೆ ಇದನ್ನೆಲ್ಲ ಬರೆದು ಕಳಿಸಿದೆ. ‘ಕೊನೆಗಾದರೂ ಕೊಟ್ಟರಲ್ಲ, ಪಾಸಿಟಿವ್ ಆಗಿ ನೋಡಪ್ಪ’ ಅಂದ. ಸರಿ, ನೋಡೋಣ. ಪಾಸಿಟಿವ್ ಆಗಿ ನೋಡಿದರೆ ಸ್ಕಾಟ್ ಅವರ ಲೆಕ್ಕ ಹೀಗಿದೆ: 495 ರೇಸು, 147 ಸಲ ಮೊದಲ ಹತ್ತರೊಳಗೆ, ಒಂದು ಗೆಲುವು. 1966ರಲ್ಲಿ ಇಡೀ ವರ್ಷದ ಅಂಕಪಟ್ಟಿಯಲ್ಲಿ ಆರನೇ ಸ್ಥಾನ. ದೊಡ್ಡ ಕಂಪನಿಗಳ ದುಡ್ಡಿಲ್ಲ. ಮೆಕ್ಯಾನಿಕ್ ಕೆಲಸಕ್ಕೆ ಹೆತ್ತ ಮಕ್ಕಳು. ಎಷ್ಟೋ ಸಲ ರೇಸಿನ ನಡುವೆ ತಾವೇ ಕಾರಿನಿಂದಿಳಿದು ಕೆಲಸ ಮಾಡಿಕೊಂಡು ಮತ್ತೆ ಹತ್ತಿ ಓಡಿಸುತ್ತಿದ್ದರು. 1973ರಲ್ಲಿ ಟ್ಯಾಲಡೀಗಾದಲ್ಲಿ ಹಲವು ಕಾರು ಒಂದರ ಮೇಲೊಂದು ಬಿದ್ದ ಅಪಘಾತ ಅವರ ಮೈ ಮುರಿಯಿತು. ಓಟ ಹೆಚ್ಚುಕಮ್ಮಿ ಅಲ್ಲಿಗೆ ನಿಂತಿತು.

ಆದರೆ ಅದು ಹತ್ತು ವರ್ಷ ಆಚೆಯ ಮಾತು. ಜ್ಯಾಕ್ಸನ್‌ವಿಲ್ ಆದ ಮೇಲಿನ ಆ ಒಂದೇ ಸರಣಿಯಲ್ಲಿ ಅವರು 50ಕ್ಕೂ ಜಾಸ್ತಿ ರೇಸು ಓಡಿದರು. ಆ ಭಾನುವಾರ ರಾತ್ರಿ ಖಾಲಿ ಮೈದಾನದಲ್ಲಿ ದುಡ್ಡು ಕೈಗೆ ಬಂದಾಗ ಅವರ ಮುಂದೆ ಇದ್ದದ್ದು ಡ್ಯಾನ್‌ವಿಲ್‌ವರೆಗಿನ ದಾರಿ, ಆಮೇಲೆ ಮುಂದಿನ ರೇಸು. ಅದಕ್ಕೆ ಟೈರು ಬೇಕಿತ್ತು.