ಸ್ಪಷ್ಟನೆ: ‘ಕುಹೂ’ ಎಂದು ಹಾಡುವುದು ಗಂಡು ಕೋಗಿಲೆ

ಹಕ್ಕಿಗಳನ್ನು ದನಿಯಿಂದ ಗುರುತಿಸಲು ಕಲಿಯುತ್ತಿರುವವರಿಗೆಂದು ನಾನು ಹಂಚಿಕೊಂಡಿದ್ದ ಧ್ವನಿಮುದ್ರಣವೊಂದು ಈಗ ಹಲವು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದರ ಜೊತೆಗಿನ ಟಿಪ್ಪಣಿಯಲ್ಲಿ ‘ಕುಹೂ’ ಎಂಬ ಹಾಡನ್ನು ಹೆಣ್ಣು ಕೋಗಿಲೆಯದೆಂದೂ ‘ಕಿಕ್-ಕಿಕ್-ಕಿಕ್’ ಎಂಬ ಚುರುಕಾದ ಕೂಗನ್ನು ಗಂಡಿನದೆಂದೂ ಬರೆದಿದ್ದೆ. ಇದು ತಪ್ಪು, ವಾಸ್ತವ ಇದಕ್ಕೆ ತದ್ವಿರುದ್ಧವಾಗಿದೆ.

ಬೇಸಿಗೆಯಲ್ಲಿ ಮಾವಿನ ತೋಪುಗಳಲ್ಲಿ ಕೇಳುವ, ಪ್ರತಿ ಸಲವೂ ಸ್ಥಾಯಿ ಏರುತ್ತಾ ಹೋಗಿ ತುತ್ತತುದಿಯಲ್ಲಿ ಥಟ್ಟನೆ ನಿಂತುಬಿಡುವ ಆ ಹಾಡು, ಹೊಳೆಯುವ ಕಪ್ಪು ಮೈ ಮತ್ತು ಕೆಂಪು ಕಣ್ಣಿನ ಗಂಡಿನದು. ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣು, ಹೆಚ್ಚಾಗಿ ಮರದಿಂದ ಮರಕ್ಕೆ ಹಾರುವಾಗ, ‘ಕಿಕ್-ಕಿಕ್’ ಎಂದು ಅವಸರದಿಂದ ಕೂಗುತ್ತದೆ. ಸಲೀಂ ಅಲಿಯವರಿಂದ ಹಿಡಿದು ಇಂದಿನವರೆಗಿನ ಪಕ್ಷಿತಜ್ಞರ ವಿವರಣೆಗಳು ಇದನ್ನೇ ಹೇಳುತ್ತವೆ. ಗಂಡುಹೆಣ್ಣುಗಳ ಬಣ್ಣ ಇಷ್ಟು ಬೇರೆಯಾಗಿರುವುದರಿಂದ, ಹಾಡುತ್ತಿರುವ ಹಕ್ಕಿ ಎಲೆಗಳ ಮರೆಯಿಂದ ಒಮ್ಮೆ ಹೊರಬಂದರೆ ಯಾರು ಬೇಕಾದರೂ ಇದನ್ನು ಕಣ್ಣಾರೆ ಪರಿಶೀಲಿಸಬಹುದು. ಗಾಯಕಿಯರನ್ನು ಗಾನಕೋಗಿಲೆ ಎಂದು ಕರೆಯುವ ನಮ್ಮ ರೂಢಿಯೂ ಈ ಗೊಂದಲಕ್ಕೆ ಕೊಂಚ ಕಾರಣವಿರಬಹುದು, ಆದರೆ ನನ್ನ ಟಿಪ್ಪಣಿಯ ತಪ್ಪಿಗೆ ಅದು ನೆಪವಾಗದು.

ಧ್ವನಿಮುದ್ರಣದಲ್ಲಿ ದೋಷವಿಲ್ಲ, ಅದಲುಬದಲಾಗಿರುವುದು ಹೆಸರುಗಳು ಮಾತ್ರ. ಆದ್ದರಿಂದ ಹಳೆಯ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಬೇಕೆಂದು ಕೋರುತ್ತೇನೆ.