ಯಾವ ಔಷಧಿ ಅನ್ನೋದೇ ಮುಖ್ಯ

ಕಾಳುಮೆಣಸಿನ ಸೊರಗು ರೋಗಕ್ಕೆ ಔಷಧಿ, ಟ್ರೈಕೋಡರ್ಮಾ (ಮಣ್ಣಿನ ರೋಗಾಣುಗಳನ್ನ ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಎರಡನ್ನೂ ಕೊಡಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿ. ಆದರೆ ಯಾವ ಔಷಧಿ? ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದಲ್ಲಿ ಒಂದು ಮಳೆಗಾಲ ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾವನ್ನ ಬಳ್ಳಿ ಬುಡಕ್ಕೆ ಹಾಕಿ, ನಾಲ್ಕೇ ದಿನಕ್ಕೆ ಶೇ. 1ರ ಬೋರ್ಡೋ ದ್ರಾವಣವನ್ನೂ (ಮೈಲುತುತ್ತ, ಸುಣ್ಣದ ತಾಮ್ರದ ಔಷಧಿ) ಅಲ್ಲೇ ಸುರಿದೆವು. ದುಡ್ಡು ಕೊಟ್ಟು ತಂದಿದ್ದನ್ನ ನಾವೇ ಕೊಂದ ಹಾಗಾಯ್ತು! ತಾಮ್ರ, ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಎರಡೂ ಟ್ರೈಕೋಡರ್ಮಾಕ್ಕೆ ಆಗಿಬರಲ್ಲ. ಸೊರಗಿಗೆ ಕೊಡುವ ಮೆಟಲಾಕ್ಸಿಲ್, ಪೊಟ್ಯಾಸಿಯಂ ಫಾಸ್ಫೊನೇಟ್ ಔಷಧಿಗಳು ಅಷ್ಟು ತೊಂದರೆ ಕೊಡಲ್ಲ. ಸೊರಗು ತರುವ ಫೈಟೋಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ಪಾಚಿಗಳ ದೂರದ ನೆಂಟ. ಈ ಎರಡು ಔಷಧಿಗಳ ಪೆಟ್ಟು ಬೀಳೋದು ಮುಖ್ಯವಾಗಿ ಆ ಜಾತಿ ಮೇಲೆ, ಹಾಗಾಗಿ ನಿಜವಾದ ಶಿಲೀಂಧ್ರವಾದ ಟ್ರೈಕೋಡರ್ಮಾ ಉಳಿಯುತ್ತೆ. ಈಗ ನಾವು ಬೋರ್ಡೋವನ್ನ ಎಲೆಗಷ್ಟೇ ಹೊಡೆಯೋದು. ಬುಡಕ್ಕೆ ತಾಮ್ರ ಹಾಕಲೇಬೇಕಾಗಿ ಬಂದ್ರೆ ಎರಡು-ಮೂರು ವಾರ ಬಿಟ್ಟು ಟ್ರೈಕೋಡರ್ಮಾ. ಅಡಿಕೆಯ ಅಣಬೆ ರೋಗದ ಬಗ್ಗೆಯೂ ಹೀಗೇ ಒಂದು ಲೇಖನ ಬರೀರಿ ಸಾರ್.